ಗೆರೆಯಿಲ್ಲದ ತೋಳು

ಲಾಂಡ್ರಿಯ ಮೇಲಿನ ಮನೆ,
ಮಾರ್ಚ್ ೧೬, ಭಾನುವಾರ ಮಧ್ಯಾಹ್ನ

ನನ್ನ ಒಬ್ಬಳೇ ಮಗಳಿಗೆ,

ಇದನ್ನು ಬರೆಯುತ್ತಿರುವವಳು ನಿನ್ನ ಅಮ್ಮ. ಬರೀ ಅಮ್ಮನಾಗಿದ್ದರೆ ಫೋನಿನಲ್ಲೇ ಮುಗಿಸಿಬಿಡುತ್ತಿದ್ದೆ. ಆದರೆ ಈ ಲಾಂಡ್ರಿಯ ಯಜಮಾನಿಯೂ ನಾನೇ, ನಿನ್ನ ಅಪ್ಪ ಹೋದಮೇಲೆ ಈ ಮನೆಯಲ್ಲಿ ಕೊನೆಯ ಮಾತು ಆಡುವವಳೂ ನಾನೇ, ಹೈಸ್ಕೂಲು ಮುಗಿಸಿ ಮದುವೆಯಾಗಿ ಬಂದು ಕೌಂಟರಿಗೆ ಕೂತ ದಿನದಿಂದ ಒಬ್ಬರ ಬಟ್ಟೆ ಇನ್ನೊಬ್ಬರ ಚೀಲಕ್ಕೆ ಹೋಗದ ಹಾಗೆ ನೋಡಿಕೊಂಡವಳೂ ನಾನೇ. ಹೋದ ವಾರ ಫೋನಿನಲ್ಲಿ ನೀನು ಕೇಳಿದ್ದು ಇಷ್ಟೂ ಜನರನ್ನು. "ಅಮ್ಮಾ, ಈ ಟೂರ್ನಿ ಮುಗಿದ್ಮೇಲೆ ಸೀಟಿ ಬಿಟ್ಬಿಡ್ತೀನಿ. ಇನ್ನು ರೆಫರಿ ಕೆಲಸ ಸಾಕು. ಮನೆಗೆ ಬಂದು ಕೌಂಟರಲ್ಲಿ ಕೂರ್ತೀನಿ. ಬರ್ಲಾ?" ಅಂದೆ. ಬರೆದು ತಿಳಿಸುತ್ತೇನೆ ಅಂದೆ ನಾನು. ಫೋನಿನಲ್ಲಾದರೆ ನೀನು ಮೂಗು ಎಳೆಯುತ್ತೀ, ನಾನು ಗದರುತ್ತೇನೆ, ಆಮೇಲೆ ಇಬ್ಬರೂ ಊಟ ಆಯ್ತಾ ಅಂತ ಕೇಳಿಕೊಂಡು ಇಟ್ಟುಬಿಡುತ್ತೇವೆ. ಕಾಗದದ ಮೇಲೆ ಯಾರೂ ಮಧ್ಯೆ ಬಾಯಿ ಹಾಕುವುದಿಲ್ಲ. ನಿನ್ನ ಅತ್ತಿಗೆ ಇದರ ಫೋಟೋ ತೆಗೆದು ನಿನಗೆ ಕಳಿಸುತ್ತಾಳೆ. ಕಳಿಸುವಾಗ ಓದುತ್ತಾಳೆ ಅಂತಲೂ ಗೊತ್ತು. ಓದಲಿ. ಅವಳ ಬಗ್ಗೆ ಬರೆಯುವುದೂ ಇದೆ.

ಮೊದಲು ನಿನ್ನ ಆರೋಗ್ಯ. ಅಲ್ಲಿ ಚಳಿಯಂತೆ, ಕುತ್ತಿಗೆಗೆ ಏನಾದರೂ ಸುತ್ತಿಕೋ. ಸೀಟಿ ಊದುವವಳಿಗೆ ಗಂಟಲು ಯಾಕೆ ಅಂದುಕೊಳ್ಳಬೇಡ, ಬಿಸಿನೀರು ಕುಡಿಯುತ್ತಿರು. ನಿಂತು ನಿಂತು ಕಾಲು ಊದುತ್ತದೆಯಾ? ನಮ್ಮ ಇಸ್ತ್ರಿ ಮಾವನಿಗೂ ಊದುತ್ತದೆ. ಕೆಲಸ ಮುಗಿದಮೇಲೆ ಬಟ್ಟೆ ಚೀಲಗಳ ಮೇಲೆ ಅಂಗಾತ ಮಲಗಿ ಕಾಲೆರಡನ್ನೂ ಗೋಡೆಗೆ ಎತ್ತಿ ಇಡುತ್ತಾರೆ. ಒಮ್ಮೆ ಗಿರಾಕಿಯೊಬ್ಬರು ನೋಡಿ ಏನೋ ಆಗಿಹೋಯಿತು ಅಂತ ಹೆದರಿದ್ದರು. ನೀನೂ ಹಾಗೆ ಮಾಡು, ಬಾಗಿಲು ಮಾತ್ರ ಹಾಕಿಕೋ. ನಾನು ಚೆನ್ನಾಗಿದ್ದೇನೆ. ನನ್ನ ಮಂಡಿಯೂ ಹಳೆಯದು, ಈ ಮನೆಯ ಮೆಟ್ಟಿಲೂ ಹಳೆಯದು, ಒಂದರ ಸದ್ದು ಇನ್ನೊಂದಕ್ಕೆ ಅಭ್ಯಾಸವಾಗಿದೆ.

ಇನ್ನು ನಿನಗೆ ಪೂರ್ತಿ ಗೊತ್ತಿಲ್ಲದ ವಿಷಯ. ನಾನು ಆಟ ನೋಡುವವಳಲ್ಲ ಅಂತ ನೀನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೀ, ಅದು ನಿಜವೇ. ಆದರೆ ಟೂರ್ನಿಯ ಎರಡನೇ ದಿನದಿಂದ ನೋಡುತ್ತಿದ್ದೇನೆ. ನಿನಗೆ ಹೇಳಕೂಡದು ಅಂತ ಮನೆಯವರಿಗೂ ಅಂಗಡಿಯವರಿಗೂ ಕಟ್ಟಪ್ಪಣೆ ಮಾಡಿದ್ದೆ. ಯಾಕೆ ಶುರುಮಾಡಿದೆ ಅಂದರೆ, ನೀನು ಹೊರಟ ಮಾರನೆಯ ದಿನ ಕೆಳಗೆ ಜಾಗವಿಲ್ಲದೆ ಆಸ್ಪತ್ರೆಯ ಚಾದರದ ಕಟ್ಟುಗಳನ್ನು ನಿನ್ನ ಹಾಸಿಗೆಯ ಮೇಲೆ ಪೇರಿಸಿದೆವು. ಸಂಜೆ ನೋಡಿದರೆ ಅದು ಯಾರೂ ಮಲಗಿದ್ದ ಹಾಸಿಗೆಯೇ ಅಲ್ಲ, ಗೋಡೌನು. ಈ ಮನೆಯಲ್ಲಿ ಜನಕ್ಕೆ ಕಡಿಮೆ ಇಲ್ಲ. ಕೆಳಗೆ ಯಂತ್ರಗಳು ತಿರುಗುತ್ತವೆ, ಹಬೆ ಏಳುತ್ತದೆ, ಬಾಗಿಲು ಮುಚ್ಚಲು ಪುರುಸೊತ್ತಿಲ್ಲ. ಆದರೆ ನಿನ್ನ ಅಣ್ಣ ಊಟಕ್ಕೆ ಕೂತರೆ ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಫೋನು. ಸೊಸೆ ಬಡಿಸಿ ಒಳಗೆ ಹೋಗುತ್ತಾಳೆ. ನನ್ನ ಹತ್ತಿರ ಎಲ್ಲರೂ ಬರುವುದು ಏನಾದರೂ ಕೇಳುವುದಕ್ಕೆ. ಈ ಕಲೆ ಹೋಗುತ್ತಾ, ಇದನ್ನು ಬಿಸಿನೀರಿಗೆ ಹಾಕಬಹುದಾ, ಅವರಿಗೆ ನಾಳೆ ಬನ್ನಿ ಅನ್ನಲಾ. ಉತ್ತರ ಸಿಕ್ಕಿದರೆ ಹೋಗುತ್ತಾರೆ. ಏನೂ ಕೇಳದೆ ಸುಮ್ಮನೆ ಬಂದು ಕೌಂಟರಿನ ಮೇಲೆ ಹತ್ತಿ ಕಾಲು ಇಳಿಬಿಟ್ಟು ಕೂರುತ್ತಿದ್ದವಳು ನೀನೊಬ್ಬಳೇ. ಇಳಿಯೇ, ಗಿರಾಕಿ ಬರೋ ಹೊತ್ತು ಅಂತ ದಿನಾ ಬೈಯುತ್ತಿದ್ದೆ. ಈಗ ಬೈದರೆ ಕೇಳಿಸಿಕೊಂಡು ನಗುವವರು ಯಾರೂ ಇಲ್ಲ. ಎಲ್ಲರೂ ಹೆದರುತ್ತಾರೆ.

ಮೊದಲು ಕೇಬಲ್‌ನವನನ್ನು ಕರೆಸಿದೆ. ವಾಲಿಬಾಲ್ ಬರುವ ಚಾನೆಲ್ ಹಾಕಪ್ಪ ಅಂದರೆ, "ವಾಲಿಬಾಲ್ ಯಾರು ನೋಡ್ತಾರಮ್ಮಾ?" ಅಂದ. "ನಾನು" ಅಂದೆ. ಅವನು ರಿಮೋಟು ಒತ್ತಿದ, ಒತ್ತಿದ, ಇದ್ದಬದ್ದ ಕ್ರೀಡಾ ಚಾನೆಲ್ಲುಗಳಲ್ಲೆಲ್ಲ ಒಂದೇ ಆಟ, ಅದೂ ಎಂದೋ ಮುಗಿದುಹೋದದ್ದು. ಯಾರು ಗೆದ್ದರೆಂದು ಎಲ್ಲರಿಗೂ ಗೊತ್ತಿರುವುದನ್ನು ಮತ್ತೆ ಮತ್ತೆ ತೋರಿಸುವವರಿಗೆ ಈಗ ನಡೆಯುತ್ತಿರುವುದನ್ನು ತೋರಿಸಲು ಏನು ಕಷ್ಟವೋ. ಆಮೇಲೆ ನಿನ್ನ ಅಣ್ಣ ಟೂರ್ನಿಯವರದೇ ಆನ್‌ಲೈನ್ ಪ್ರಸಾರ ಇದೆ ಅಂತ ಫೋನಿನಲ್ಲಿ ಹುಡುಕಿ ಕೊಟ್ಟ. ಒಳ್ಳೆಯ ಬಣ್ಣ, ಸಂಗೀತ, ನಡುವೆ ಒತ್ತಲು ಒಂದು ಗುಂಡಿ. ಒತ್ತಿದರೆ ಪರದೆ ಕಪ್ಪಾಗಿ ಒಂದೇ ಸಾಲು, ಈ ಪ್ರಸಾರ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ ಅಂತ. ದುಡ್ಡು ಕೊಡುತ್ತೇನೆ ಅಂದರೂ ಇಲ್ಲವಾ ಅಂದೆ. "ದುಡ್ಡಿನ ಮಾತಲ್ಲಮ್ಮ. ಇಲ್ಲಿ ತೋರಿಸೋ ಹಕ್ಕು ಇನ್ಯಾರೋ ತಗೊಂಡಿದಾರೆ." ಹಾಗಾದರೆ ಅವರು ತೋರಿಸುತ್ತಾರಾ ಅಂದೆ. "ಇಲ್ಲ" ಅಂದ. ತೋರಿಸದೆ ಇರುವುದಕ್ಕೆ ಹಕ್ಕು ಕೊಂಡುಕೊಳ್ಳುವ ಜನ ಇದ್ದಾರೆ ಅಂತ ನನಗೆ ಗೊತ್ತಾದದ್ದು ಅವತ್ತೇ. ಇದಕ್ಕೂ ಒಂದು ದಾರಿ ಇದೆ, ನಮ್ಮ ಫೋನು ಬೇರೆ ದೇಶದಲ್ಲಿದೆ ಅಂತ ತೋರಿಸುವ ಒಂದು ಆ್ಯಪ್ ಹಾಕಿಕೊಂಡರೆ ಸಾಕು ಅಂದ. ನನ್ನ ಮನೆ ಎಲ್ಲಿದೆಯೋ ಅಲ್ಲೇ ಇದೆ, ಸುಳ್ಳು ವಿಳಾಸ ಹೇಳಿಕೊಂಡು ಸ್ವಂತ ಮಗಳನ್ನು ನೋಡುವ ಗತಿ ನನಗೆ ಬಂದಿಲ್ಲ ಅಂದೆ. ಅವನು ಫೋನು ತಿರುಗಿಸಿಕೊಂಡು ಊಟ ಮುಂದುವರಿಸಿದ.

ಮಾರನೆಯ ದಿನ ಬೆಳಗ್ಗೆ ಬಾಯ್ಲರ್ ಕಾಯುವ ಹೊತ್ತಿಗೆ ನಿನ್ನ ಅತ್ತಿಗೆ ಮೆಲ್ಲಗೆ ಬಂದು, "ಅತ್ತೆ, ಒಂದು ಲಿಂಕ್ ಸಿಕ್ಕಿದೆ. ಇದು ವಿಳಾಸ ಏನೂ ಕೇಳಲ್ಲ" ಅಂದಳು. ಎಲ್ಲಿಂದ ಸಿಕ್ಕಿತು ಅಂತ ನಾನೂ ಕೇಳಲಿಲ್ಲ. ಯಾರದೋ ಪ್ರಸಾರವನ್ನು ಇನ್ಯಾರೋ ಎತ್ತಿ ಹಾಕಿದ್ದು ಅಂತ ಆಮೇಲೆ ತಿಳಿಯಿತು. ತಿಳಿಯುವ ಹೊತ್ತಿಗೆ ನೀನು ತೆರೆಯ ಮೇಲೆ ಬಂದಾಗಿತ್ತು, ಬಂದಾಗಿತ್ತು ಅಂತ ನಾವಂದುಕೊಂಡಿದ್ದೆವು. ಅಲ್ಲಿ ಸಂಜೆಯಾದರೆ ನಮಗೆ ಬೆಳಗ್ಗೆ. ಬಟ್ಟೆ ಮಡಿಸುವ ಮೇಜಿನ ಮೇಲೆ ಗಂಜಿಪುಡಿಯ ಡಬ್ಬಿಗೆ ಫೋನು ಒರಗಿಸಿಟ್ಟು, ಅವಳು ದಿಂಬಿನ ಚೀಲ ಮಡಿಸುತ್ತಾ, ನಾನು ಚೀಟಿ ಹೊಂದಿಸುತ್ತಾ, ಇಸ್ತ್ರಿ ಮಾವ ಪಕ್ಕದ ಮೇಜಿನಿಂದಲೇ ಕತ್ತು ಚಾಚುತ್ತಾ ನೋಡತೊಡಗಿದೆವು. ಆ ಲಿಂಕಿನ ಕಷ್ಟ ಏನು ಹೇಳಲಿ. ಚಿತ್ರ ಬರಬೇಕಾದರೆ ಮೇಲೆ ಮುಚ್ಚಿಕೊಂಡ ಜಾಹೀರಾತನ್ನು ತೆಗೆಯಬೇಕು. ಅದರ ಮೂಲೆಯ ಗುಣಾಕಾರದ ಗುರುತು ಸಾಸಿವೆಯಷ್ಟಿದೆ, ನನ್ನ ಬೆರಳಿಗೆ ಸಿಗುವುದಿಲ್ಲ. ಬೆರಳು ಒಂಚೂರು ತಪ್ಪಿದರೆ ಇನ್ನೊಂದು ಕಿಟಕಿ. ನಾನು ಕಾರು ಗೆದ್ದಿದ್ದೇನಂತೆ. ಜೂಜಿಗೆ ಬನ್ನಿ ಅಂತ ಕರೆದರು. ಒಮ್ಮೆ ಅರ್ಧಂಬರ್ಧ ಬಟ್ಟೆಯ ಹೆಂಗಸೊಬ್ಬಳು ಬಂದು, ನಿಮ್ಮ ಹತ್ತಿರದಲ್ಲೇ ಇದ್ದೇನೆ, ಕಾಯುತ್ತಿದ್ದೇನೆ ಅಂತ ಬರೆದುಕೊಂಡಿದ್ದಳು. ಇಸ್ತ್ರಿ ಮಾವ ಬೀದಿಯ ಕಡೆ ಮುಖ ಮಾಡಿ ನಿಂತು, "ಅಮ್ಮಾವ್ರೇ, ಅವ್ರು ಹೋದ್ಮೇಲೆ ಹೇಳಿ" ಅಂದರು. ಪಾಪ, ಅವರು ತಿರುಗಿ ನೋಡುವಾಗ ಸೆಟ್ ಮುಗಿದಿತ್ತು. ವಿವರಣೆ ಯಾವುದೋ ಭಾಷೆ. ಚೆಂಡು ಮೇಲೆ ಹೋಗಿದ್ದು ಕೆಳಗೆ ಬರುವಷ್ಟರಲ್ಲಿ ನಡುವೆ ಚಕ್ರ ತಿರುಗಲು ಶುರು. ಚಕ್ರ ನಿಂತಾಗ ಎಲ್ಲರೂ ಬೇರೆ ಬೇರೆ ಕಡೆ ನಿಂತಿರುತ್ತಾರೆ, ಯಾರೋ ಗೆದ್ದಿರುತ್ತಾರೆ, ಯಾರೋ ಅಳುತ್ತಿರುತ್ತಾರೆ.

ಕ್ಯಾಮೆರಾದವರಿಗೆ ಬೇಕಾದದ್ದು ಚೆಂಡು, ರೆಫರಿ ಅಲ್ಲ. ಎತ್ತರದ ಸ್ಟ್ಯಾಂಡಿನ ಮೇಲೆ ನಿಂತವರ ಮೊಣಕಾಲು ಕಂಡರೆ ಹೆಚ್ಚು. ಕೆಳಗೆ ನೆಟ್ಟಿನ ಕಂಬದ ಹತ್ತಿರ ನಿಲ್ಲುವ ಎರಡನೇ ರೆಫರಿಯದು ಬೆನ್ನು, ಮತ್ತು ಒಂದು ತೋಳು. ಮುಖ ಎಂದರೆ ಹಿಟ್ಟು ಮೆತ್ತಿದ ಹಾಗೆ ಮಸುಕು. ಎಲ್ಲರೂ ಒಂದೇ ಬಣ್ಣದ ಅಂಗಿ ಬೇರೆ. ನಿನ್ನನ್ನು ಹೇಗೆ ಹುಡುಕುವುದು ಅಂತ ನಾನು ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದಾಗ ಇಸ್ತ್ರಿ ಮಾವ ಇಸ್ತ್ರಿಪೆಟ್ಟಿಗೆ ಎತ್ತಿಹಿಡಿದವರು ಹಾಗೇ ನಿಂತರು. "ಅಮ್ಮಾವ್ರೇ, ಆ ತೋಳು ನೋಡಿ. ಗೆರೆ ಇಲ್ಲ. ಅದು ನಮ್ಮನೆ ತೋಳು." ನಿನಗೆ ಹೇಳಬೇಕಾಗಿಲ್ಲ, ಬರೆಯುವ ಖುಷಿಗೆ ಬರೆಯುತ್ತೇನೆ. ಬೇರೆ ಕಡೆಯೆಲ್ಲ ತೋಳನ್ನು ಚಪ್ಪಟೆ ಹಾಸಿ ಇಸ್ತ್ರಿ ಒತ್ತುತ್ತಾರೆ, ಹೊರಗಿನ ಅಂಚಿಗೆ ಕತ್ತಿಯಂಥ ಗೆರೆ ಬೀಳುತ್ತದೆ. ನಮ್ಮಲ್ಲಿ ಟವೆಲನ್ನು ಉರುಳೆ ಮಾಡಿ ತೋಳಿನೊಳಗೆ ತೂರಿಸಿ ತಿರುಗಿಸುತ್ತಾ ಒತ್ತುತ್ತೇವೆ. ತೋಳು ಗುಂಡಗೆ, ಆಗಷ್ಟೇ ಹೊಲಿದು ಕೊಟ್ಟ ಹಾಗೆ. ಇಡೀ ಅಂಕಣದಲ್ಲಿ ಗೆರೆಯಿಲ್ಲದ ತೋಳು ಅದೊಂದೇ. ನಿನ್ನಷ್ಟೇ ಎತ್ತರ, ನಿನ್ನ ಹಾಗೇ ಎತ್ತಿ ಕಟ್ಟಿದ ಕೂದಲು. ಸಾಕಲ್ಲ. ಆಮೇಲಿನ ಪಂದ್ಯಗಳಲ್ಲೂ ಆ ತೋಳೇ ಕಂಡಿತು. ಬಂದ ಗಿರಾಕಿಗಳಿಗೆಲ್ಲ ತೋರಿಸಿದೆ. ಎರಡು ಸೀರೆ ತೆಗೆದುಕೊಂಡು ಹೋಗಲು ಬಂದ ಟೀಚರು ಪೂರ್ತಿ ಒಂದು ಸೆಟ್ ನಿಂತು ನೋಡಿ, ತೋಳು ಥೇಟ್ ನಿಮ್ಮ ಹಾಗೇ ಇದೆ ಅಂದರು. ನಾನು ಬೀಗಿದೆ.

ಆ ಪ್ರಸಾರದ ಪಕ್ಕದಲ್ಲಿ ನೋಡುವವರು ಬರೆದದ್ದು ಸಾಲು ಸಾಲಾಗಿ ಓಡುತ್ತಿರುತ್ತದೆ. ಏನು ಬರೀತಾರೆ ಓದಿ ಹೇಳು ಅಂತ ಸೊಸೆಗೆ ಹೇಳಿದೆ. ಅವಳು ಫೋನನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಒತ್ತಾಯ ಮಾಡಿದ ಮೇಲೆ ಹೇಳಿದಳು, ರೆಫರಿಗೆ ಕಣ್ಣಿಲ್ಲ, ರೆಫರಿಯನ್ನು ಮನೆಗೆ ಕಳಿಸಿ, ಇನ್ನೂ ಏನೇನೋ. ನಾನೂ ಬರೆಯಬೇಕು ಅಂದೆ. ನಾನು ಹೇಳಿದ್ದನ್ನು ಅವಳು ಕನ್ನಡದಲ್ಲೇ ಒತ್ತಿದಳು: ನೀವೆಲ್ಲ ಆರಾಮಾಗಿ ಕೂತು ಬರೆಯುತ್ತಿದ್ದೀರಿ, ಅವಳು ಆಗಿನಿಂದ ನಿಂತಿದ್ದಾಳೆ, ಬಾಯಿ ಮುಚ್ಚಿಕೊಂಡು ಆಟ ನೋಡಿ. ಯಾರಿಗೂ ಅರ್ಥವಾಗಲಿಲ್ಲ. ಯಾರೋ ಒಬ್ಬ ನಗುವ ಮುಖ ಹಾಕಿದ. ಅಷ್ಟೊಂದು ಜನರ ನಡುವೆ ನಮ್ಮ ಅಕ್ಷರದ ಸಾಲು ಒಂದೇ ಒಂದು, ಸ್ವಲ್ಪ ಹೊತ್ತು ನಿಂತು, ಮೇಲಕ್ಕೆ ಸರಿದು ಕಾಣೆಯಾಯಿತು. ನೀನು ಅಲ್ಲಿ ಹೀಗೇ ಇರುತ್ತೀಯೇನೋ ಅನಿಸಿತು.

ಒಂದು ದಿನ ಯಾವ ಪುಣ್ಯಕ್ಕೋ ಚಿತ್ರ ತಿಳಿಯಾಗಿ ಬಂತು. ಆಟಗಾರ್ತಿಯೊಬ್ಬಳು ಜಾರಿ ಬಿದ್ದಳು. ಕಂಬದ ಹತ್ತಿರದವಳು ಎರಡು ಹೆಜ್ಜೆ ಮುಂದೆ ಹೋಗಿ ನಮ್ಮ ಕಡೆ ತಿರುಗಿದಳು. ಅವಳು ನೀನಲ್ಲ. ಯಾರದೋ ಮಗಳು. ಒಳ್ಳೆಯ ಮುಖವೇ, ಆದರೆ ನನಗೆ ಏನೂ ಆಗಬೇಕಾದವಳಲ್ಲ. ಇಸ್ತ್ರಿ ಮಾವ ಕತ್ತು ಚಾಚಿ ನೋಡಿ, "ತೋಳು ನಮ್ದೇ ಅಮ್ಮಾವ್ರೇ. ಒಳಗಿರೋರು ಬೇರೆ" ಅಂದರು. ಸೊಸೆಯ ಮುಖ ನೋಡಿದೆ. ಅವಳು ಬೆಚ್ಚಿರಲಿಲ್ಲ. "ನಿಂಗೆ ಮೊದಲೇ ಗೊತ್ತಿತ್ತಾ?" ಅಂದೆ. "ಗೊತ್ತಿತ್ತು ಅತ್ತೆ. ಶುರುವಲ್ಲಿ ರೆಫರಿಗಳ ಹೆಸರು ಹಾಕ್ತಾರೆ. ನೀವು ಬಾಯ್ಲರ್ ನೋಡಿ ಬರೋಷ್ಟ್ರಲ್ಲಿ ಹೋಗಿಬಿಡುತ್ತೆ." ಯಾಕೆ ಹೇಳಲಿಲ್ಲ ಅಂದೆ. "ನೀವು ದಿನಾ ಬಂದು ನನ್ ಪಕ್ಕ ಕೂರ್ತಿದ್ರಿ" ಅಂದಳು. ನನಗೆ ಬೈಯಬೇಕಿತ್ತು. ಬೈಯಲು ಬಾಯಿಯನ್ನೂ ತೆರೆದೆ. ಅವಳು ದಿಂಬಿನ ಚೀಲ ಎದೆಗೆ ಹಿಡಿದು ಬೈಸಿಕೊಳ್ಳಲು ತಯಾರಾಗಿ ನಿಂತಿದ್ದಳು. "ಚೀಲ ಕೆಳಗಿಟ್ಟು ಅವಳಿಗೆ ಫೋನ್ ಮಾಡು" ಅಂದೆ.

ಆ ಫೋನಿನಲ್ಲಿ ನೀನು ಹೇಳಿದ್ದು ನಿನಗೆ ನೆನಪಿರುತ್ತದೆ, ನನಗೆ ಹೇಗೆ ಕೇಳಿಸಿತು ಅಂತ ಗೊತ್ತಿಲ್ಲವಲ್ಲ. ಮೊದಲ ದಿನದ ದೊಡ್ಡ ಪಂದ್ಯದಲ್ಲಿ ಹೊರಗೆ ಬಿದ್ದ ಚೆಂಡನ್ನು ಒಳಗೆ ಅಂದೆ, ದೊಡ್ಡ ಪರದೆಯ ಮೇಲೆ ನಿಧಾನವಾಗಿ ತೋರಿಸಿದಾಗ ತಪ್ಪು ಅಂತ ಗೊತ್ತಾಗಿ ಸಭಾಂಗಣವೆಲ್ಲ ಕೂಗಿತು, ಆ ತುಣುಕನ್ನು ಊರೂರಿನವರು ಹಂಚಿಕೊಂಡು ನಕ್ಕರು, ಅವತ್ತಿನಿಂದ ನಿನ್ನನ್ನು ಮೀಸಲು ರೆಫರಿ ಅಂತ ಮೇಜಿನ ಹಿಂದೆ ಕೂರಿಸಿದ್ದಾರೆ ಅಂದೆ ನೀನು. ಹಾಗಾದರೆ ಆ ತೋಳು ಯಾರದು ಅಂತ ನಾನು ಕೇಳಿದ್ದು ನಿನಗೆ ಅರ್ಥವಾಗಲಿಲ್ಲ. ಅತ್ತಿಗೆ ಬಿಡಿಸಿ ಹೇಳಿದಮೇಲೆ ನೀನು ನಕ್ಕೆ. ನಗುತ್ತಲೇ, "ಅವಳದ್ದೂ ನಾನೇ ಇಸ್ತ್ರಿ ಮಾಡ್ಕೊಡ್ತೀನಮ್ಮ. ನನ್ ಪಕ್ಕದ ರೂಮು. ಕೈಗೊಂದು ಕೆಲಸ ಬೇಕಲ್ಲ" ಅಂದೆ. ನಗು ಎಲ್ಲಿ ನಿಂತು ಅಳು ಎಲ್ಲಿ ಶುರುವಾಯಿತು ಅಂತ ನನಗೆ ತಿಳಿಯಲಿಲ್ಲ. ಅಷ್ಟು ದೂರದ ಹೋಟೆಲ್ ಕೋಣೆಯಲ್ಲಿ ನನ್ನ ಮಗಳು ಟವೆಲು ಉರುಳೆ ಸುತ್ತಿಕೊಂಡು, ಆಟಕ್ಕೆ ಹೋಗುವವರ ಅಂಗಿಗೆ ಇಸ್ತ್ರಿ ಹಾಕಿ ಕಳಿಸಿ, ತಾನು ಮೇಜಿನ ಹಿಂದೆ ಹೋಗಿ ಕೂರುತ್ತಾಳೆ. ಆಮೇಲೆ ನೀನು "ಬರ್ಲಾ?" ಅಂದದ್ದು.

ಬಾ ಅನ್ನುವುದು ನನ್ನ ಗಂಟಲಿಗೆ ಬಂದಿತ್ತು. ಬರೆದು ತಿಳಿಸುತ್ತೇನೆ ಅಂದದ್ದು ಯೋಚನೆ ಮಾಡುವುದಕ್ಕೆ ಅಲ್ಲ, ದನಿ ಕೈಕೊಡುತ್ತದೆ ಅಂತ. ಕೌಂಟರಿನ ಜಾಗ ನಿನಗೆ ಅಂತಲೇ ಎಂದಿನಿಂದಲೂ ಮನಸ್ಸಿನಲ್ಲಿ ಇಟ್ಟುಕೊಂಡು ಬಂದವಳು ನಾನು. ಅದಕ್ಕೇ ಜ್ವರ ಬಂದ ದಿನವೂ ಸೊಸೆಯನ್ನು ಅಲ್ಲಿ ಕೂರಗೊಡಲಿಲ್ಲ. ಫೋನು ಇಟ್ಟವಳೇ ಮೇಲೆ ಹೋಗಿ ನಿನ್ನ ಹಾಸಿಗೆಯ ಮೇಲಿನ ಚಾದರದ ಕಟ್ಟುಗಳನ್ನೆಲ್ಲ ನಾನೇ ಇಳಿಸಿ, ಕಿಟಕಿ ತೆಗೆದು, ಹೊಸ ಹೊದಿಕೆ ಹಾಸಿದೆ. ಇಸ್ತ್ರಿ ಮಾವನಿಗೆ, ನಿಮ್ಮ ಶಿಷ್ಯೆ ವಾಪಸ್ಸು ಬರುತ್ತಾಳೆ ಅಂದೆ. ಅವರು ಸಂತೋಷಪಡುತ್ತಾರೆ ಅಂದುಕೊಂಡಿದ್ದೆ. "ಸೋತು ಬರ್ತಾರಾ, ಸಾಕಾಗಿ ಬರ್ತಾರಾ ಅಮ್ಮಾವ್ರೇ?" ಅಂದರು. ಎರಡೂ ಒಂದೇ ಅಲ್ಲವಾ ಅಂದೆ. ಅವರು ಕಾಲರಿಗೆ ನೀರು ಚಿಮುಕಿಸಿದರು. ಮಾರನೆಯ ಬೆಳಗ್ಗೆ ಮತ್ತೆ ಪಂದ್ಯ ಹಾಕಿಸಿದೆ. ಆ ಹೆಂಗಸು ನೀನಲ್ಲ ಅಂತ ಗೊತ್ತಿದ್ದೂ ನೋಡಿದೆ. ಅವಳ ತೋಳಾದರೂ ನಿನ್ನ ಕೈಯ ಕೆಲಸ ತಾನೇ.

ಮೊನ್ನೆ ಶುಕ್ರವಾರ ನಿನಗೊಂದು ಪಂದ್ಯ ಕೊಟ್ಟರು. ಕಟ್ಟಕಡೆಯ ಸ್ಥಾನಕ್ಕೆ ಆಡುವ ಎರಡು ತಂಡ, ಪಕ್ಕದ ಚಿಕ್ಕ ಅಂಕಣ. ನೀನು ನಮಗೆ ಹೇಳಲಿಲ್ಲ. ನಿನ್ನ ಅತ್ತಿಗೆ ಹುಡುಕಿ ತೆಗೆದಳು. ನಾವು ಅಷ್ಟೊಂದು ಪರದಾಡಿದೆವಲ್ಲ, ಇದಕ್ಕೆ ಯಾವ ಕಷ್ಟವೂ ಇರಲಿಲ್ಲ. ಟೂರ್ನಿಯವರದೇ ಪುಟದಲ್ಲಿ ಒತ್ತಿದ ಕೂಡಲೇ ಬಂತು. ನಿಮ್ಮ ಪ್ರದೇಶ ಯಾವುದು ಅಂತ ಯಾರೂ ಕೇಳಲಿಲ್ಲ. "ಇದಕ್ಕೆ ಯಾರೂ ಹಕ್ಕು ತಗೊಂಡಿಲ್ಲ ಅತ್ತೆ, ಸುಮ್ನೆ ಬಿಟ್ಟಿದಾರೆ" ಅಂದಳು. ಯಾರಿಗೂ ಬೇಡದ ಪಂದ್ಯ, ಅದಕ್ಕೇ ಯಾರೂ ಬೀಗ ಹಾಕಿರಲಿಲ್ಲ. ವಿವರಣೆ ಇಲ್ಲ, ಜಾಹೀರಾತಿಲ್ಲ, ಅತ್ತಿತ್ತ ಓಡಾಡುವ ಕ್ಯಾಮೆರಾ ಇಲ್ಲ. ಗೋಡೆಗೆ ಒಂದನ್ನು ಸಿಕ್ಕಿಸಿ ಹೋಗಿದ್ದಾರೆ, ಅದು ನೆಟ್ಟಿಗೆ ನೇರವಾಗಿ ನೋಡುತ್ತಿದೆ. ಹಾಗಾಗಿ ಆಟಗಾರರು ಎರಡು ಅಂಚಿಗೆ, ನಟ್ಟ ನಡುವೆ ಸ್ಟ್ಯಾಂಡಿನ ಮೇಲೆ ನೀನು. ತಲೆಯಿಂದ ಕಾಲಿನ ತನಕ. ಮೊದಲಿನಿಂದ ಕೊನೆಯ ತನಕ. ಕೆಳಗೆ ನಮಗೆ ಬೆನ್ನು ಮಾಡಿ ನಿಂತವಳು ನಾವು ನೀನೆಂದುಕೊಂಡಿದ್ದ ಅದೇ ಹೆಂಗಸು. ಇಬ್ಬರ ತೋಳೂ ಗುಂಡಗೆ. ಸ್ವಲ್ಪ ಸಣ್ಣಗಾಗಿದ್ದೀ, ಸರಿಯಾಗಿ ಊಟ ಮಾಡುತ್ತಿಲ್ಲ. ಅದರ ಬಗ್ಗೆ ಬೇರೆ ಬರೆಯುತ್ತೇನೆ.

ಎರಡನೇ ಸೆಟ್ಟಿನಲ್ಲಿ ಒಂದು ಚೆಂಡು ಗೆರೆ ದಾಟಿ ಬಿತ್ತು. ನೀನು ಎರಡೂ ಕೈ ಎತ್ತಿ ಹೊರಗೆ ಅಂದೆ. ಒಂದು ಕಡೆಯ ಹುಡುಗಿಯರು ಕೂಗಾಡಿದರು, ತಡೆದವಳ ಬೆರಳು ತಾಗಿದೆ ಅಂತ ಅವರ ನಾಯಕಿ ಬೆರಳು ತೋರಿಸುತ್ತಾ ಬಂದಳು. ನೀನು ಅವಳ ಮಾತಿಗೆ ಕರಗಲಿಲ್ಲ, ಆದರೆ ಕೆಳಗಿನವಳನ್ನು ಹತ್ತಿರ ಕರೆದು ಬಾಗಿ ಕೇಳಿದೆ. ಅವಳೇನೋ ಹೇಳಿದಳು. ನೀನು ನೆಟ್ಟಗಾಗಿ, ಬೆರಳ ತುದಿ ಸವರಿ ತೋರಿಸಿ, ಕೈಯನ್ನು ಆ ಕಡೆಯಿಂದ ಈ ಕಡೆಗೆ ಬದಲಾಯಿಸಿದೆ. ಈಗ ಇನ್ನೊಂದು ಕಡೆಯವರು ಎದ್ದರು. ಅವರ ಕೋಚು ನೀರಿನ ಬಾಟಲಿ ನೆಲಕ್ಕೆ ಬಡಿದ. ಇದ್ದ ನಾಲ್ಕಾರು ಪ್ರೇಕ್ಷಕರೂ ಹೋ ಅಂದರು. ಮತ್ತೆ ಅದೇ ಆಯಿತಲ್ಲ, ಇನ್ನು ಇವಳು ಅಲ್ಲೇ ಕುಸಿಯುತ್ತಾಳೆ, ಸುಮ್ಮನೆ ಇಳಿದು ಮನೆಗೆ ಬಾರೇ ಅಂತ ಬಾಯಿಬಿಟ್ಟೇ ಅಂದೆ. ನೀನು ಕೋಚಿಗೆ ಹಳದಿ ಚೀಟಿ ತೋರಿಸಿದೆ. ಆಮೇಲೆ ಮುಂದಿನ ಸರ್ವಿಸಿಗೆ ಸೀಟಿ ಊದಿದೆ. ಆ ಸೀಟಿ ಮುಂಚಿನದಕ್ಕಿಂತ ಒಂದು ಎಳೆಯಷ್ಟೂ ಸಣ್ಣಗಿರಲಿಲ್ಲ. ಇಸ್ತ್ರಿ ಮಾವ ಪೆಟ್ಟಿಗೆಯನ್ನು ಕಲ್ಲಿನ ಮೇಲೆ ಇಟ್ಟು, "ಇದು ಸೋತೋರ ಸೀಟಿ ಅಲ್ಲ" ಅಂದರು.

ಪಂದ್ಯ ಮುಗಿಯಿತು. ಸೊಸೆ ಆಸ್ಪತ್ರೆಗೆ ಚಾದರ ಮುಟ್ಟಿಸಲು ಹೋದಳು, ಇಸ್ತ್ರಿ ಮಾವ ಊಟಕ್ಕೆ ಹೋದರು. ಆ ಗೋಡೆಯ ಕ್ಯಾಮೆರಾವನ್ನು ಆರಿಸುವುದನ್ನು ಯಾರೋ ಮರೆತಿದ್ದರು. ಆಟಗಾರರು ಹೋದರು, ಮೇಜಿನವರು ಹೋದರು, ನಿನ್ನ ಜೊತೆಯವಳು ನಿನ್ನ ಬೆನ್ನು ತಟ್ಟಿ ಹೋದಳು. ನೋಡುತ್ತಿರುವವರು ಎಷ್ಟು ಅಂತ ಮೂಲೆಯಲ್ಲಿ ಬರುತ್ತದಲ್ಲ, ಅದು ಇಳಿಯುತ್ತಾ ಇಳಿಯುತ್ತಾ ಒಂದಕ್ಕೆ ಬಂದು ನಿಂತಿತು. ಆ ಒಂದು ನಾನು. ನೀನು ಸ್ಟ್ಯಾಂಡಿನ ಕೆಳಗಿನ ಮೆಟ್ಟಿಲ ಮೇಲೆ ಕೂತು ನೀರು ಕುಡಿದೆ, ಸೀಟಿಯನ್ನು ಅಂಗಿಯ ತುದಿಯಿಂದ ಒರೆಸಿದೆ. ಅಂಗಿಯಲ್ಲಿ ಒರೆಸಬಾರದು ಅಂತ ಎಷ್ಟು ಸಲ ಹೇಳಿದ್ದೇನೆ. ಇಬ್ಬರೂ ಹಾಗೇ ಕೂತಿದ್ದೆವು, ನೀನು ಅಲ್ಲಿ, ನಾನು ಇಲ್ಲಿ. ನಿನಗೆ ಗೊತ್ತಿರಲಿಲ್ಲ. ಕೂಗಿದರೆ ಕೇಳಿಸುವಷ್ಟು ಹತ್ತಿರ ಕಾಣುತ್ತಿದ್ದೆ. ಆಮೇಲೆ ನೀನು ಎದ್ದೆ. ಬಾಗಿಲ ಕಡೆ ಹೋಗುತ್ತೀಯೆಂದುಕೊಂಡೆ. ಹೋಗಲಿಲ್ಲ. ಸ್ಟ್ಯಾಂಡಿನ ಮೆಟ್ಟಿಲು ಮತ್ತೆ ಹತ್ತಿದೆ. ಖಾಲಿ ಅಂಕಣವನ್ನು ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಸೀಟಿ ಬಾಯಿಗೆ ಇಟ್ಟುಕೊಂಡೆ, ಊದಲಿಲ್ಲ. ಆ ಚೆಂಡು ಬಿದ್ದ ಜಾಗದ ಕಡೆ ದೃಷ್ಟಿ ನಿಲ್ಲಿಸಿ, ತಲೆಯನ್ನು ಒಂಚೂರು ಬಲಕ್ಕೆ ಸರಿಸಿ, ಎಲ್ಲಿ ನಿಂತಿದ್ದರೆ ಆ ಬೆರಳು ಕಾಣುತ್ತಿತ್ತು ಅಂತ ಹುಡುಕಿದೆ. ಮತ್ತೆ ಮತ್ತೆ ಹುಡುಕಿದೆ. ಕೊನೆಗೆ ಸಿಕ್ಕಿತು ಅಂತ ಕಾಣುತ್ತದೆ. ಬೆರಳ ತುದಿ ಸವರಿ, ಸರಿಯಾದ ಕಡೆಗೆ ಕೈ ಚಾಚಿದೆ, ಯಾರೂ ಇಲ್ಲದ ಕಡೆಗೆ. ಸಾಕಾದವರು ಹೀಗೆ ಮಾಡುವುದಿಲ್ಲ ಮಗಳೇ. ಕಲೆ ಹೋಗದ ಬಟ್ಟೆಯನ್ನು ಎಲ್ಲರೂ ಹೋದಮೇಲೆ ಮತ್ತೆ ತೊಟ್ಟಿಗೆ ಹಾಕುವವರನ್ನು ನಾನು ನೋಡಿದ್ದೇನೆ. ಅವರು ಕೆಲಸ ಬಿಟ್ಟು ಹೋಗುವವರಲ್ಲ. ಅಷ್ಟರಲ್ಲಿ ದೀಪ ಆರಿಸಿದರು, ಪರದೆ ಕಪ್ಪಾಯಿತು. ನಾನು ಫೋನನ್ನು ಮಗುಚಿಟ್ಟೆ.

ನಿನ್ನ ಅಣ್ಣ ನಿನ್ನನ್ನು ಕೇಳಿದ್ದೇನೆ ಅಂತ ಬರೆಯಲು ಹೇಳಿದ್ದಾನೆ, ಫೋನಿನಿಂದ ಕಣ್ಣು ತೆಗೆಯದೆ ಹೇಳಿದ. ಇಸ್ತ್ರಿ ಮಾವ, ಜೊತೆಯವಳ ಎಡತೋಳಿನ ಕೆಳ ಹೊಲಿಗೆಯ ಹತ್ತಿರ ಒಂದು ಸುಕ್ಕು ಬಿಟ್ಟಿದ್ದೀಯಂತೆ, ಟವೆಲು ಇನ್ನಷ್ಟು ಬಿಗಿಯಾಗಿ ಸುತ್ತು ಅಂದಿದ್ದಾರೆ. ನಿನ್ನ ಕಣ್ಣು ಚುರುಕಾಗಿರಲಿ, ಕಾಲು ಗಟ್ಟಿಯಾಗಿರಲಿ, ಬೈಯುವವರ ಬಾಯಿ ಬೇಗ ನೋಯಲಿ. ಇದು ನನ್ನ ಆಶೀರ್ವಾದ.

ಇಂತಿ,
ಈ ಮನೆಯ ಯಜಮಾನಿ, ನಿನ್ನ ಅಮ್ಮ

ತಾ.ಕ.: ಮೇಲೆ ಉತ್ತರ ಹುಡುಕಬೇಡ, ಇಲ್ಲಿದೆ. ನಿನ್ನೆ ಶನಿವಾರ ಅಂಗಡಿ ತೆಗೆದ ಕೂಡಲೇ ಎಲ್ಲರ ಎದುರಿಗೆ ನಿನ್ನ ಅತ್ತಿಗೆಯನ್ನು ಕೌಂಟರಿಗೆ ಕೂರಿಸಿದೆ. ಗಲ್ಲಾಪೆಟ್ಟಿಗೆಯ ಕೀಲಿಯನ್ನೂ ಕೊಟ್ಟೆ. ನಾಲ್ಕು ದಿನ ನೋಡೋಣ ಅಂತ ಅಲ್ಲ, ಕಾಯಂ. "ನಾದಿನಿ ಬರ್ತಾರಲ್ಲ ಅತ್ತೆ" ಅಂದಳು. "ಬಂದ್ರೆ ರಜೆಗೆ ಬರ್ತಾಳೆ" ಅಂದೆ. ಆದ್ದರಿಂದ ಇಲ್ಲಿ ಜಾಗ ಖಾಲಿ ಇಲ್ಲ. ಅವಳ ಕೈ ಪಳಗಲಿ ಅಂತ ನಾನೇ ಕೌಂಟರಿನ ಈಚೆ ನಿಂತು ನನ್ನ ಕಂಬಳಿ ತೊಳೆಯಲು ಕೊಟ್ಟೆ. ಯಾವತ್ತಿಗೆ ಬೇಕು ಅಂತ ಕೇಳಿದಳು. ಅವಸರವಿಲ್ಲ ಅಂದೆ. ಹೆಸರಿನ ಜಾಗದಲ್ಲಿ ಅತ್ತೆ ಅಂತ ಬರೆದು, ರಶೀದಿ ಹರಿದು ನನ್ನ ಕೈಗೆ ಕೊಟ್ಟಳು.